ಗೈ ಸಾಂಡರನ ಗೋರಿಕಲ್ಲು

ಪೋರ್ಟ್‌ಲೋಗಿಯ ಬಂದರದಲ್ಲಿ ನಿಂತು "ಲೋವೀ" ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಉಳಿದರ್ಧ ಸ್ಲೇಟರ್‌ಗಳು. ಅವರೂ ತಾಯಿಯ ಕಡೆಯಿಂದ ಲೋವಿಗಳೇ ಆದ್ದರಿಂದ ಒಂದು ಗಳಿಗೆ ತಡೆದು ತಿರುಗುತ್ತಾರೆ. ಮೊದಲು ಹುಟ್ಟಿದ ಗಂಡಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡಬೇಕೆಂಬುದು ಅಲ್ಲಿಯ ಕಟ್ಟಳೆ. ಹೀಗಾಗಿ ಒಂದೇ ಕೇರಿಯಲ್ಲಿ ಅಲೆಕ್ಸಾಂಡರ್ ಲೋವಿಗಳು ಬುಟ್ಟಿಯೊಳಗಿನ ಮೀನಿನಂತೆ ಒತ್ತಾಗಿ ತುಂಬಿದ್ದರು. ಒಬ್ಬನಿಂದ ಒಬ್ಬನನ್ನು ಬೇರ್ಪಡಿಸುವುದಕ್ಕೆ ಇದ್ದದ್ದು ಅಡ್ಡಹೆಸರು ಒಂದೇ. ಅದು ಗೇಲಿಯಲ್ಲ, ವಿಳಾಸ. ಅಂಚೆಯವನು ಅದನ್ನು ನೋಡಿಯೇ ಬಾಗಿಲು ತಟ್ಟುತ್ತಿದ್ದ. ಯುದ್ಧದಲ್ಲಿ ಸತ್ತವರ ಕಂಬದ ಮೇಲೂ ಹೆಸರಿನ ಪಕ್ಕದಲ್ಲಿ ಅದನ್ನು ಕೆತ್ತಿದ್ದರು. ಗಂಡನ ಅಡ್ಡಹೆಸರು ಹೆಂಡತಿಗೂ ಮಕ್ಕಳಿಗೂ ಅಂಟಿಕೊಳ್ಳುತ್ತಿತ್ತು. ಮೀನು ಮಾರುವ ಎಪ್ಪಿಯ ಗಂಡ ಅಲೆಕ್ಸಾಂಡರ್ ಲೋವಿಯ, ಮನೆಯವರ ಬಾಯಲ್ಲಿ ಸಾಂಡರನ, ಅಡ್ಡಹೆಸರು ಗೈ.

ಗೈ ಎಂದರೆ ಆ ಕರಾವಳಿಯವರ ಮಾತಿನಲ್ಲಿ ಬಲು ಎಂದರ್ಥ. ಗೈ ಚಳಿ, ಗೈ ದೂರ, ಗೈ ಮೊಂಡ. ಆದರೆ ಬಾಯಿಗೆ ಬಂದಂತೆ ಎಸೆಯುವ ಬಲು ಅಲ್ಲ, ತಕ್ಕಡಿಯಲ್ಲಿಟ್ಟು ತೂಗಿ ಕೊಡುವ ಬಲು. ಮೀನುಗಾರರಿಗೆ ಹೊಗಳಿಕೆಯೆಂದರೆ ಭಯ. ತೊಟ್ಟಿಲಲ್ಲಿರುವ ಮಗುವನ್ನು ಎಷ್ಟು ಮುದ್ದಾಗಿದೆ ಎಂದರೆ ಬಾಯಿ ತಾಗಿ ಜ್ವರ ಬರುತ್ತದೆ, ಬಲೆಗೆ ಬಿದ್ದ ಮೀನನ್ನು ಹೊಗಳಿದರೆ ಮರುದಿನ ಬಲೆ ಹರಿಯುತ್ತದೆ ಎಂದು ನಂಬಿದ ಜನ. ಹಾಗೆಂದು ಒಳ್ಳೆಯದನ್ನು ಒಳ್ಳೆಯದೆನ್ನದೆ ಇರಲಿಕ್ಕಾಗುತ್ತದೆಯೆ? ಅಂಥ ಕಡೆ ಗೈ ಅವರ ಕೈ ಹಿಡಿಯುತ್ತಿತ್ತು. ಗೈ ಒಳ್ಳೆಯ ಹುಡುಗ ಎಂದರೆ ಹುಡುಗನ ಅಪ್ಪನ ಎದೆ ತುಂಬುತ್ತಿತ್ತು, ಯಾವ ಕೆಟ್ಟ ಕಣ್ಣಿಗೂ ಸುಳಿವು ಸಿಗುತ್ತಿರಲಿಲ್ಲ.

ಸಾಂಡರ್ ಮೀಸೆ ಮೂಡುವ ಮೊದಲೇ ಉಗಿದೋಣಿಯಲ್ಲಿ ಅಡುಗೆಯವನಾಗಿ ಸೇರಿದ. ಮೊದಲ ದಿನವೇ ಅಲೆಯ ಹೊಯ್ದಾಟಕ್ಕೆ ಮುಖ ಬೆಳ್ಳಗಾಗಿ, ಕಡಾಯಿಯ ಅಂಚು ಹಿಡಿದು ನಿಂತಿದ್ದನಂತೆ.

"ಎಂಗೈತೋ ಕಡಲು?" ಎಂದು ನಾಯಕ ಕೇಳಿದ.

"ಗೈ..." ಎಂದವನಿಗೆ ಮುಂದಿನ ಪದ ಹೊರಡಲಿಲ್ಲ.

"ಗೈ ಏನೋ?"

"ಬರೀ ಗೈ."

ದೋಣಿಯವರು ಬಿದ್ದು ಬಿದ್ದು ನಕ್ಕರು. ಸಾರು ಹೇಗಿದೆ ಎಂದು ಕೇಳಿದರೂ ಗೈ, ಗಾಳಿ ಹೇಗಿದೆ ಎಂದರೂ ಗೈ. ಆ ಋತು ಮುಗಿಸಿ ಊರಿಗೆ ಬರುವಷ್ಟರಲ್ಲಿ ಹೆಸರು ಅವನಿಗಿಂತ ಮೊದಲು ದಡ ಮುಟ್ಟಿತ್ತು. ಅವನೂ ಅದಕ್ಕೆ ತಕ್ಕಂತೆಯೇ ಬೆಳೆದ. ಮಾತು ಕಡಿಮೆ, ಆಡಿದ್ದರಲ್ಲಿ ಮುಕ್ಕಾಲು ಪಾಲು ಗೈ. ಅದರ ಹಿಂದೆ ಸಿಹಿ ಇದೆಯೋ ಕಹಿ ಇದೆಯೋ ಎಂಬುದನ್ನು ಅವನ ಹುಬ್ಬು ಹೇಳುತ್ತಿತ್ತು.

ಮದುವೆಗೆ ಮುಂಚೆ ಎಪ್ಪಿ ಹೆರಿಂಗ್ ಮೀನಿನ ಹೊಟ್ಟೆ ಬಗೆಯುವ ಹೆಂಗಸರ ಗುಂಪಿನಲ್ಲಿದ್ದಳು. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು, ಉಪ್ಪುನೀರಿನಲ್ಲಿ ಮೊಣಕೈವರೆಗೆ ಮುಳುಗಿ, ದೋಣಿಗಳ ಹಿಂದೆಯೇ ಬಂದರಿನಿಂದ ಬಂದರಿಗೆ ಹೋಗುವವಳು. ಒಂದು ಸಂಜೆ ಸಾಂಡರ್ ಅವಳ ತೊಟ್ಟಿಯ ಪಕ್ಕಕ್ಕೆ ಬಂದು ನಿಂತ. ನಿಂತೇ ಇದ್ದ.

"ಏನ್ ಬೇಕಿತ್ತು?" ಎಂದಳು ಎಪ್ಪಿ, ಚಾಕು ನಿಲ್ಲಿಸದೆ.

"ನಿನ್ ಕೈ ಗೈ ಚುರುಕು."

"ಚಾಕು ನೋಡಿ ಏಳ್ತಿದೀಯೋ, ನನ್ನ ನೋಡಿ ಏಳ್ತಿದೀಯೋ?"

ಅವನು ಕಿವಿಯವರೆಗೆ ಕೆಂಪಾಗಿ ಹೊರಟುಹೋದ. ಪಕ್ಕದಲ್ಲಿದ್ದ ಗೆಳತಿಯರು ಕೆಣಕಿದಾಗ ಎಪ್ಪಿ, "ಈ ಮೂಕನ್ನ ಕಟ್ಕಂಡ್ರೆ ಜಗಳಾನೂ ನಾನೊಬ್ಳೇ ಆಡ್ಬೇಕಾಯ್ತದೆ" ಎಂದಳು. ಮುಂದೆ ಆದದ್ದೂ ಹೆಚ್ಚು ಕಡಿಮೆ ಹಾಗೆಯೇ. ಸಾಂಡರ್ ಜೊತೆಗೆ ಬಾಳುವುದು ಸುಲಭವಾಗಿರಲಿಲ್ಲ. ಬಿರುಗಾಳಿಗೆ ದೋಣಿ ಕಟ್ಟಿಹಾಕಿದ ದಿನಗಳಲ್ಲಿ ಒಲೆಯ ಮುಂದೆ ಬಂಡೆಯಂತೆ ಕೂತು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬೂಟು ಒಳಗೆ ತರಬೇಡ ಎಂದರೆ ಬೂಟಿನೊಡನೆ ತಾನೂ ಹೊರಗೇ ಕೂರುವ ಹಟಮಾರಿ. ಆದರೆ ಹೆಂಡ ಮುಟ್ಟಲಿಲ್ಲ, ಕೈ ಎತ್ತಲಿಲ್ಲ, ಹೆಂಡತಿಯ ಮೀನುಬುಟ್ಟಿಯನ್ನು ಬೆನ್ನಿಗೇರಿಸಿ ಗುಡ್ಡದ ತುದಿಯವರೆಗೆ ಬಿಟ್ಟುಬಾರದ ಬೆಳಗು ಅವನು ದಡದಲ್ಲಿದ್ದಾಗ ಒಂದೂ ಇರಲಿಲ್ಲ. ಎಪ್ಪಿ ಅಲ್ಲಿಂದ ಒಳನಾಡಿನ ಹೊಲಮನೆಗಳಿಗೆ ಹೋಗಿ ಹ್ಯಾಡಕ್ ಮೀನು ಕೊಟ್ಟು ಮೊಟ್ಟೆ, ಬೆಣ್ಣೆ, ಓಟ್ಸ್ ಹಿಟ್ಟು ತರುತ್ತಿದ್ದಳು.

ಮನೆಗೆ ಒಂದೇ ಗೋಡೆಯಾಚೆ ಇದ್ದವಳು ಸಾಂಡರನ ತಂಗಿ ಜಾರ್ಜೀನಾ. ಮದುವೆಯಾಗದೆ ಉಳಿದವಳು. ಚಿಕ್ಕವಳಿದ್ದಾಗಲೇ ಎಡಿನ್‌ಬರೋದ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿ, ತಲೆ ನರೆತ ಮೇಲೆ ಊರಿಗೆ ಮರಳಿದಳು. ಆ ಮನೆಯಲ್ಲಿ ಒಂದು ದಿನ ಅತಿಥಿಗಳಿಗೆ ಸೂಪು ಬಡಿಸುತ್ತ, "ಜೋಕೆ, ಗೈ ಬಿಸಿ ಐತೆ" ಎಂದಿದ್ದಳಂತೆ. ಮೇಜಿನ ಸುತ್ತ ಕೂತವರು ನಕ್ಕರು. ಅಷ್ಟಕ್ಕೇ ಬಿಡಲಿಲ್ಲ. ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ಎಂದು ಗಿಣಿಗೆ ಹೇಳಿಸಿದಂತೆ ಹೇಳಿಸಿದರು. ಸೂಪಿನ ಪಾತ್ರೆ ಕೈಯಲ್ಲೇ ಇತ್ತು, ಕೆಳಗಿಡುವಂತಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಆ ಪದ ಸತ್ತಿತು. ಎಲ್ಲದಕ್ಕೂ "ವೆರಿ". ಊರಿಗೆ ಬಂದ ಮೇಲೂ ಪುಸ್ತಕದಿಂದ ಓದಿದಂತೆಯೇ ಮಾತು. ಅಣ್ಣನನ್ನು ಅವಳು ಎಂದೂ ಅಡ್ಡಹೆಸರಿನಿಂದ ಕರೆಯಲಿಲ್ಲ. ಯಾರಾದರೂ "ಗೈ ಮನೇಲವ್ನಾ?" ಎಂದು ಬಾಗಿಲಲ್ಲಿ ಕೇಳಿದರೆ, "ಮಿಸ್ಟರ್ ಲೋವಿ ಹೊರಗೆ ಹೋಗಿದ್ದಾರೆ" ಎನ್ನುತ್ತಿದ್ದಳು. ಕೇಳಿದವನು ಯಾವ ಮಿಸ್ಟರ್ ಲೋವಿ ಎಂದು ತಲೆ ಕೆರೆದುಕೊಂಡು ಹೋಗುತ್ತಿದ್ದ.

ಆ ಪದಕ್ಕೆ ಏಟು ತಿಂದವಳು ಅವಳೊಬ್ಬಳೇ ಅಲ್ಲ. ಊರಿನ ಶಾಲೆಯಲ್ಲಿ ಕ್ರೂಡನ್ ಮೇಷ್ಟ್ರು ಗೈ ಎಂದವರ ಅಂಗೈಗೆ ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದರು. ಸಾಂಡರ್ ಅದನ್ನು ಧಾರಾಳವಾಗಿ ಉಂಡವನು. ಅದೇ ಮೇಷ್ಟ್ರು ನಿವೃತ್ತರಾಗಿ, ಬೆನ್ನು ಬಾಗಿದ ಮೇಲೆ, ಹಳೆಯ ಮಾತುಗಳನ್ನು ಕೂಡಿಡುವ ಗೀಳು ಹಿಡಿಸಿಕೊಂಡು ಮನೆಮನೆ ತಿರುಗತೊಡಗಿದರು. ಒಂದು ಚಳಿಗಾಲ ಸಾಂಡರನ ಅಡುಗೆಮನೆಗೂ ಬಂದರು.

"ಆವತ್ತು ಒಡ್ದು ಕಿತ್ಕಂಡ್ರಿ. ಇವತ್ತು ಕೇಳ್ಕಂಡ್ ಬಂದಿದೀರಾ ಮೇಷ್ಟ್ರೇ?" ಎಂದ ಸಾಂಡರ್. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಮೇಷ್ಟ್ರು ತಮ್ಮ ಅಂಗೈ ಮುಂದೆ ಚಾಚಿದರು. "ಒಂದು ಏಟು ವಾಪಸ್ ಕೊಡಪ್ಪ, ಲೆಕ್ಕ ಸರಿಹೋಗಲಿ."

ಎಪ್ಪಿ ಆ ಅಂಗೈಯಲ್ಲಿ ಬಿಸಿ ಓಟ್ಸ್ ರೊಟ್ಟಿ ಇಟ್ಟಳು. ಮೇಷ್ಟ್ರು ಬೆಣ್ಣೆ ಸವರಿಕೊಂಡು ತಿನ್ನುತ್ತ ಆ ಪದದ ಕಥೆ ಹೇಳಿದರು. ಅದು ಮೊದಲಿಗೆ ಫ್ರಾನ್ಸ್ ದೇಶದ ಪದವಂತೆ. ನಗುನಗುವ, ಬಣ್ಣದ ಬಟ್ಟೆ ತೊಟ್ಟ, ಹಬ್ಬದಂಥ ಎಂದು ಅದರ ಅರ್ಥ. ಇಲ್ಲಿಗೆ ಬಂದ ಮೇಲೆ ಜನ ಅದನ್ನು ದಿನದ ಕೆಲಸಕ್ಕೂ ಬಳಸತೊಡಗಿದರು. ಸೊಗಸಾದಷ್ಟು ಎನ್ನುವುದು ಸಾಕಷ್ಟು ಎಂದಾಯಿತು, ಸಾಕಷ್ಟು ಎನ್ನುವುದು ಬಲು ಎಂದಾಯಿತು. ಮುನ್ನೂರು ವರ್ಷ ಉಜ್ಜಿ ಉಜ್ಜಿ ಬಣ್ಣವೆಲ್ಲ ಹೋಗಿ ನೂಲಿನ ಗಟ್ಟಿತನ ಉಳಿಯಿತು.

"ದಕ್ಷಿಣಕ್ಕೆ ಹೋದರೆ ಕೆಲವರು ಕ್ರೂರ ಅನ್ನೋ ಅರ್ಥದ ಪದಾನೇ ಬಲು ಅನ್ನೋದಕ್ಕೆ ಬಳಸ್ತಾರೆ. ನಿಮ್ಮ ಬೀದಿ ಮಕ್ಕಳು ಈಗ ಆಫಾ, ಆಫಾ ಅಂತಾರಲ್ಲ, ಅದು ಭಯಂಕರ ಅನ್ನೋದರ ಮರಿ. ನಗುವಿನಿಂದ ಬಂದದ್ದು ನಿನ್ನದೊಂದೇ ಸಾಂಡರ್."

ಸಾಂಡರ್ ಒಲೆಯ ಕೆಂಡ ಕೆದಕಿದ. "ನಗ್ತಾ ಬಂದಿದ್ದು ನಮ್ಮೂರ್ ಗಾಳಿಗೆ ಮುಖ ಬಿಗಿ ಮಾಡ್ಕಂಡೈತೆ" ಎಂದು ಎಪ್ಪಿ ಅವನ ಪರವಾಗಿ ಹೇಳಿದಳು. ಅವನ ಹುಬ್ಬು ಮಾತ್ರ ಮೇಲೇರಿತು. ಅಷ್ಟು ಮೇಲೇರಿದ್ದನ್ನು ಎಪ್ಪಿ ಹೆಚ್ಚು ಸಲ ಕಂಡಿರಲಿಲ್ಲ. ಗೋಡೆಯಾಚೆಯಿಂದ ಜಾರ್ಜೀನಾ ಕೆಮ್ಮಿದ್ದು ಕೇಳಿಸಿತು.

ಕಡಲಿಗೆ ಹೋಗುವುದನ್ನು ಬಿಟ್ಟ ಮೇಲೂ ಸಾಂಡರ್ ಬಂದರದಲ್ಲಿ ಬಲೆ ಹೆಣೆಯುತ್ತಿದ್ದ. ಕೊನೆಗೆ ಎದೆಯಲ್ಲಿ ಕಫ ಕಟ್ಟಿ, ತನ್ನ ಹಾಸಿಗೆಯಲ್ಲೇ, ಹೆಂಡತಿಯ ಕೈಯಲ್ಲೇ ಪ್ರಾಣ ಬಿಟ್ಟ. ಆ ಊರಿನ ಗಂಡಸರಲ್ಲಿ ಅಂಥ ಸಾವು ಎಲ್ಲರಿಗೂ ದಕ್ಕುವುದಿಲ್ಲ. ಗಂಡಸರು ಹೆಣ ಹೊತ್ತು ಗುಡ್ಡದ ಮೇಲಿನ ಗೋರಿದಿಬ್ಬಕ್ಕೆ ಹೋದರು. ಹೆಂಗಸರು ಪದ್ಧತಿಯಂತೆ ಕಿಟಕಿಯ ಪರದೆ ಎಳೆದುಕೊಂಡು ಮನೆಯಲ್ಲಿ ಉಳಿದರು.

ಅದೇ ಚಳಿಗಾಲದಲ್ಲಿ ಇನ್ನೊಬ್ಬ ಅಲೆಕ್ಸಾಂಡರ್ ಲೋವಿಯೂ ಸತ್ತ. ಅವನ ಅಡ್ಡಹೆಸರು ನೀರುಕಾಗೆ. ಯಾವಾಗಲೂ ಕಪ್ಪು ಕೋಟು, ಯಾವಾಗಲೂ ಗಂಟಲು ಒದ್ದೆ. ಕುಡಿದು ಪೊಲೀಸನ ಟೋಪಿಯನ್ನು ಬಂದರಕ್ಕೆಸೆದವನು, ಪಾದ್ರಿಯ ಮನೆಯ ಹಂದಿಯನ್ನು ಬಿಚ್ಚಿ ಬಿಟ್ಟವನು. ಅವನ ಹೆಂಡತಿ ಬಾಬಿ ಸಣ್ಣಗೆ, ಸದ್ದಿಲ್ಲದೆ ಬದುಕಿದವಳು. ನೀರುಕಾಗೆಯನ್ನು ಗೋರಿದಿಬ್ಬದ ಮೇಲ್ಸಾಲಿನಲ್ಲಿ, ಗೋಡೆಯ ಪಕ್ಕ ಹೂಳಿದರು. ಸಾಂಡರ್ ಕೆಳಸಾಲಿನಲ್ಲಿದ್ದ.

ಗೋರಿಯ ಮಣ್ಣು ಕುಳಿತ ಮೇಲೆ ಕಲ್ಲು ನಿಲ್ಲಿಸುವ ಮಾತು ಬಂತು. ಕಲ್ಲಿನ ಹೊಣೆಯನ್ನು ಜಾರ್ಜೀನಾ ತಾನೇ ಹೊತ್ತುಕೊಂಡಳು. ಅಣ್ಣನಿಗಾಗಿ ಬೇರೇನನ್ನೂ ಮಾಡಲು ಅವಕಾಶ ಸಿಗಲಿಲ್ಲವೆಂಬ ಕೊರಗು ಅವಳಿಗಿತ್ತು. ಏನು ಕೆತ್ತಿಸಬೇಕೆಂದು ಇಬ್ಬರೂ ಚಹಾ ಮುಂದಿಟ್ಟುಕೊಂಡು ಕೂತರು.

"ನಂಗೆ ಇರೋದು ಒಂದೇ ಆಸೆ ಜೀನಾ," ಎಂದಳು ಎಪ್ಪಿ. "ಹೆಸರಿನ್ ಪಕ್ಕದಲ್ಲಿ ಗೈ ಅಂತ ಇರ್ಬೇಕು. ಮಿಕ್ಕಿದ್ದು ಏನಾರ ಬರ್ಸು."

"ಅದು ಸಾಧ್ಯವಿಲ್ಲ ಎಪ್ಪಿ. ನನ್ನ ಅಣ್ಣನ ತಲೆಯ ಮೇಲೆ ಆ ಪದ ಶಾಶ್ವತವಾಗಿ ನಿಲ್ಲುವುದು ನನಗೆ ಬೇಡ."

"ಯಾಕೆ? ಕಳ್ಳತನದ್ ಪದವಾ ಅದು?"

"ಹೊರಗಿನವರು ಬಂದು ಓದುತ್ತಾರೆ. ನಗುತ್ತಾರೆ."

"ಹೊರಗಿನೋರು ನಮ್ ಗೋರಿದಿಬ್ಬಕ್ ಯಾಕ್ ಬತ್ತಾರೆ? ಮೀನ್ ಕೊಳ್ಳೋಕಾ?"

ಜಾರ್ಜೀನಾ ಬಟ್ಟಲನ್ನು ಕೆಳಗಿಡದೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಎಪ್ಪಿ ಅದನ್ನು ನೋಡಿದಳು. ಅವಳಿಗೆ ಆ ಸೂಪಿನ ಮೇಜಿನ ಕಥೆ ಗೊತ್ತಿತ್ತು, ಮದುವೆಯಾದ ಹೊಸತರಲ್ಲಿ ಸಾಂಡರ್ ಹೇಳಿದ್ದ. ಅದಕ್ಕೇ ಅವಳು ಜಗಳ ಬೆಳೆಸಲಿಲ್ಲ. "ಇಷ್ಟ್ ಅಲೆಕ್ಸಾಂಡರ್ ಲೋವಿಗಳ ಮಧ್ಯ ಅವನನ್ನ ಯಾರೂ ಗುರುತು ಇಡಿಯಲ್ಲ ಕಣೇ. ನಂಗೆ ಅದೊಂದೇ ಬಾಧೆ" ಎಂದಷ್ಟೇ ಹೇಳಿ ಬಟ್ಟಲು ತೊಳೆಯಲು ಎದ್ದಳು. ತೊಳೆಯುವಾಗ ಬೆನ್ನು ಜಾರ್ಜೀನಾಳ ಕಡೆಗಿತ್ತು, ಮುಖ ಕಾಣಲಿಲ್ಲ.

ಜಾರ್ಜೀನಾ ಪಟ್ಟಣದ ಕಲ್ಲುಕುಟಿಗ ಇಮ್ಲಾಕ್‌ಗೆ ಹೇಳಿ ಕೆತ್ತಿಸಿದ್ದು ಹೀಗಿತ್ತು: ಅಲೆಕ್ಸಾಂಡರ್ ಲೋವಿ, ಮೀನುಗಾರ. ಅತ್ಯಂತ ಸಜ್ಜನ, ಅತ್ಯಂತ ದೈವಭಕ್ತ, ಜೀವಮಾನವಿಡೀ ಮದ್ಯವನ್ನು ಮುಟ್ಟದವನು.

ಕಲ್ಲು ಬಂದ ಶನಿವಾರ ಬೆಳಗ್ಗೆ ಜಾರ್ಜೀನಾ ನೆಗಡಿಯಿಂದ ಮಲಗಿದ್ದಳು, ಎಪ್ಪಿ ಬುಟ್ಟಿ ಹೊತ್ತು ಒಳನಾಡಿಗೆ ಹೋಗಿದ್ದಳು, ಗಂಡಸರು ಕಡಲ ಮೇಲಿದ್ದರು. ಇಮ್ಲಾಕನ ಕೆಲಸದವರು ಗಾಡಿ ನಿಲ್ಲಿಸಿ ಅಂಗಡಿಯವಳನ್ನು, "ಅಲೆಕ್ಸಾಂಡರ್ ಲೋವಿಯ ಗೋರಿ ಯಾವುದು ತಾಯಿ?" ಎಂದು ಕೇಳಿದರು. ಅಂಗಡಿಯವಳು ಯೋಚಿಸಿದಳು. ಅಲೆಕ್ಸಾಂಡರ್ ಲೋವಿ ಎಂಬ ಪೂರ್ತಿ ಹೆಸರನ್ನು ಅವಳು ಕೇಳಿದ್ದು ಎರಡೇ ಕಡೆ. ಪೊಲೀಸ್ ಬಂದು ಬಾಗಿಲಲ್ಲಿ ನಿಂತು ಸಮನ್ಸ್ ಓದುವಾಗ, ಮತ್ತು ಮರುದಿನ ಕೋರ್ಟಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ. ಆ ಹೆಸರಿನಿಂದ ಕರೆಸಿಕೊಂಡವನು ಊರಿನಲ್ಲಿ ನೀರುಕಾಗೆಯೊಬ್ಬನೇ. "ಮೇಲ್ಸಾಲು, ಗೋಡೆ ಪಕ್ಕ" ಎಂದಳು ಅವಳು, ಅನುಮಾನವೇ ಇಲ್ಲದೆ.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಗುಡ್ಡ ಹತ್ತಿತ್ತು. ನೀರುಕಾಗೆಯ ತಲೆಯ ಮೇಲೆ, ಹೊಳೆಯುವ ಬೂದುಗಲ್ಲಿನಲ್ಲಿ, ಜೀವಮಾನವಿಡೀ ಮದ್ಯವನ್ನು ಮುಟ್ಟದವನು ಎಂದು ನಿಂತಿತ್ತು. ದೋಣಿಯಿಂದ ಇಳಿದ ಗಂಡಸರು ಗೋಡೆ ಹಿಡಿದುಕೊಂಡು ನಕ್ಕರು.

"ಮುಟ್ಟಿಲ್ಲ ಅಂಬೋದು ನಿಜಾನೇ. ಲೋಟದಿಂದ ನೇರ ಗಂಟಲಿಗೇ ಉಯ್ಕಂಡವ್ನೆ!"

"ದೈವಭಕ್ತ ಅಂತೆ! ಪಾದ್ರಿ ಮನೆ ಅಂದಿಗೆ ಮೋಕ್ಷ ಕೊಡ್ಸಿದ್ನಲ್ಲ!"

ಸುದ್ದಿ ಕೇಳಿ ಎಪ್ಪಿ ಬುಟ್ಟಿ ಸಮೇತ ಗುಡ್ಡ ಹತ್ತಿದಳು. ಅಷ್ಟರಲ್ಲಿ ಜನ ಚದುರಿದ್ದರು. ಕಲ್ಲಿನ ಮುಂದೆ ಬಾಬಿ ಒಬ್ಬಳೇ ನಿಂತಿದ್ದಳು. ಒಂದು ಕೈ ಕಲ್ಲಿನ ತಲೆಯ ಮೇಲಿತ್ತು, ಮಗುವಿನ ನೆತ್ತಿಯ ಮೇಲೆ ಇಟ್ಟಂತೆ.

"ನಿಮ್ದು ಅಂತ ಗೊತ್ತು ಎಪ್ಪಿ," ಎಂದಳು ಬಾಬಿ ತಿರುಗದೆ. "ನಂಗೆ ಓದಕ್ ಬತ್ತದೆ."

"ಸೋಮವಾರ ಬಂದು ಎತ್ತಿಡ್ತಾರೆ. ನೀನೇನ್ ಬೇಜಾರ್ ಮಾಡ್ಕಬ್ಯಾಡ."

"ಬೇಜಾರಿಲ್ಲ." ಬಾಬಿ ಕಲ್ಲಿನ ಅಕ್ಷರಗಳ ಕಡೆ ಕೈ ತೋರಿಸಿದಳು. "ಮದ್ವೆಗ್ ಮುಂಚೆ ಅವನು ಇಂಗೇ ಇದ್ದ ಕಣೇ. ಆ ಯುದ್ಧಕ್ ಓಗಿ ಬಂದ್ಮೇಲೆ ಶುರುವಾಗಿದ್ದು. ಯಾರಿಗೂ ಗೆಪ್ತಿ ಇಲ್ಲ, ನಂಗೈತೆ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಾಳೆ ಭಾನುವಾರ. ನಾಳೆ ಒಂದಿನ ಇರ್ಲಿ ಬಿಡು. ನಗೋರು ನಗ್ಲಿ" ಎಂದಳು.

ಎಪ್ಪಿ ಬುಟ್ಟಿಯಿಂದ ಎರಡು ಮೊಟ್ಟೆ ತೆಗೆದು ಬಾಬಿಯ ಏಪ್ರನ್ನಿನ ಜೇಬಿನೊಳಗೆ ಇಟ್ಟಳು. ಕಲ್ಲು ಭಾನುವಾರವೆಲ್ಲ ಅಲ್ಲೇ ನಿಂತಿತು.

ಶನಿವಾರ ಸಂಜೆ ಎಪ್ಪಿ ನೋಡಲು ಹೋದಾಗ ಜಾರ್ಜೀನಾ ಹಾಸಿಗೆಯಿಂದ ಎದ್ದು ಕೂತಿದ್ದಳು. ಮೂಗು ಕೆಂಪಗೆ, ಕಣ್ಣು ಇನ್ನೂ ಕೆಂಪಗೆ. "ಇಡೀ ಊರು ನಕ್ಕಿತಂತೆ. ನಗಬಾರದೆಂದೇ ತಾನೇ ನಾನು ಅಷ್ಟೆಲ್ಲ ಮಾಡಿದ್ದು? ಒಂದು ದಿನವಾದರೂ ಅದನ್ನು ಅಲ್ಲಿ ಬಿಡಲು ನೀನು ಹೇಗೆ ಒಪ್ಪಿದೆ?"

"ಬಾಬಿ ಕೇಳಿದ್ಲು."

"ಆ ಕುಡುಕನಿಗಾಗಿ?"

"ಬಾಬಿಗಾಗಿ," ಎಂದಳು ಎಪ್ಪಿ. "ನೀನೂ ನಾಳೆ ಬಾ. ಅಣ್ಣನ್ ಮಣ್ಣು ನೋಡಿ ಎಷ್ಟ್ ದಿನ ಆಯ್ತು."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗೋರಿಸಾಲುಗಳ ನಡುವೆ ನಿಧಾನವಾಗಿ ಸುತ್ತುಹಾಕುವುದು ಊರಿನವರ ಅಭ್ಯಾಸ. ಜಾರ್ಜೀನಾ ಎಡಿನ್‌ಬರೋದ ಕಪ್ಪು ಕೈಗವಸು ತೊಟ್ಟು, ಮೇಲ್ಸಾಲಿನ ಕಡೆ ತಿರುಗಿಯೂ ನೋಡದೆ, ಕೆಳಸಾಲಿಗೆ ಬಂದು ಅಣ್ಣನ ಬರಿಯ ದಿಬ್ಬದ ಮುಂದೆ ನಿಂತಳು. ಎಪ್ಪಿ ಅವಳ ಪಕ್ಕದಲ್ಲಿ ಹುಲ್ಲು ಕೀಳುತ್ತ ಕೂತಿದ್ದಳು.

ಆಗ ಗೇಟಿನ ಕಡೆಯಿಂದ ಒಬ್ಬ ಅಪರಿಚಿತ ಬಂದ. ವಯಸ್ಸಾದ ಮನುಷ್ಯ, ಅಗಲ ಹೆಗಲು, ಕಡಲಿನವನ ಕುಂಟುನಡಿಗೆ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಮೇಲ್ಸಾಲಿನಲ್ಲಿ ಒಂದೊಂದೇ ಕಲ್ಲು ಓದುತ್ತ ನಡೆದ. ಹೊಸ ಕಲ್ಲಿನ ಮುಂದೆಯೂ ನಿಂತು ಓದಿ, ತಲೆಯಾಡಿಸಿ, ಮುಂದಕ್ಕೆ ಹೋದ. ಕೊನೆಗೆ ಸೋತು ಇವರ ಬಳಿಗೆ ಬಂದ. ಮಾತಿನಲ್ಲಿ ಫೈಫ್ ಸೀಮೆಯ ಎಳೆತವಿತ್ತು.

"ತಪ್ ತಿಳ್ಕಬೇಡಿ ತಾಯಿ. ಫೈಫ್‌ನಿಂದ ಎರಡು ಬಸ್ ಬದಲಾಯ್ಸಿ ಬಂದಿದೀನಿ, ಇನ್ನೊಂದ್ ಗಂಟೇಲಿ ವಾಪಸ್ ಓಗ್ಬೇಕು. ಗೈನ ಎಲ್ಲಿ ಮಲಗ್ಸವ್ರೆ?"

ಎಪ್ಪಿ ಬಾಯಿ ತೆರೆದಳು. ಆದರೆ ಅವನು ಕೇಳಿದ್ದು ನಿಂತಿದ್ದವಳನ್ನು, ಜಾರ್ಜೀನಾಳನ್ನು. ಎಪ್ಪಿ ಬಾಯಿ ಮುಚ್ಚಿಕೊಂಡು ಕಾದಳು.

"ಅವರ ಹೆಸರು ಅಲೆಕ್ಸಾಂಡರ್ ಲೋವಿ," ಎಂದಳು ಜಾರ್ಜೀನಾ.

"ಅಂಗಾ?" ಆತನಿಗೆ ಆಶ್ಚರ್ಯವಾಯಿತು. "ನಂಗ್ ಗೊತ್ತೇ ಇರ್ಲಿಲ್ಲ ನೋಡಿ. ಎಷ್ಟೋ ವರ್ಷ ಒಂದೇ ದೋಣೀಲಿ ಇದ್ವಿ. ನಾನು ಒಂದ್ಸಲ ಬಲೆ ಜೊತೆಗೇ ನೀರಿಗ್ ಬಿದ್ದೆ. ಎಲ್ರೂ ಕೂಗಾಡ್ತಾ ನಿಂತಿದ್ರು. ಅವನು ಮಾತಾಡ್ದಂಗೆ ಧುಮುಕ್ಬಿಟ್ಟ. ಮ್ಯಾಲಕ್ ಎಳ್ಕಂಡ್ಮೇಲೆ ನಾನು, ಎಂಗಿತ್ತಪ್ಪಾ ನೀರು ಅಂದೆ. ಅವನು ಅಲ್ಲು ಕಟಕಟ ಅನ್ಸ್ತಾ, ಗೈ, ಅಂದ." ಆತ ನಗಲು ಹೋದ, ಆಗಲಿಲ್ಲ. ಟೋಪಿಯಿಂದ ಮೂಗು ಒರೆಸಿಕೊಂಡ. "ಆ ಕಲ್ಲು ಓದ್ದೆ. ಯಾರೋ ಭಾರೀ ದೊಡ್ ಮನುಸ್ರು ಅಂದ್ಕಂಡೆ. ಗೈದಲ್ಲ ಅಂತ ಮುಂದಕ್ಕೋದೆ. ಅವನು ನಿಮಗೇನಾಗ್ಬೇಕು ತಾಯಿ?"

ಜಾರ್ಜೀನಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದಳು. ಎಳೆಯುವುದಕ್ಕೆ ಇನ್ನು ಬೆರಳು ಉಳಿಯಲಿಲ್ಲ. ಆ ಮುದುಕನ ಮುಖದಲ್ಲಿ ಗೇಲಿಯ ಸುಳಿವಿರಲಿಲ್ಲ, ಕೇಳಿದ ಹೆಸರಿಗೆ ಒಬ್ಬ ಮನುಷ್ಯನನ್ನು ತೋರಿಸಿದರೆ ಸಾಕೆಂದು ಕಾಯುತ್ತಿದ್ದ. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

"ಗೈ ನಮ್ಮಣ್ಣ," ಎಂದಳು ಅವಳು. ಕಾಲ ಕೆಳಗಿನ ಮಣ್ಣು ತೋರಿಸಿದಳು. "ಇಲ್ಲೇ ಅವ್ನೆ."

ಮುದುಕ ಮೊಣಕಾಲೂರಿದ. ಎಪ್ಪಿ ಹುಲ್ಲು ಕೀಳುವುದನ್ನು ಮರೆತು ನಾದಿನಿಯ ಮುಖ ನೋಡಿದಳು. ಹೊಗಳಿದರೆ ಬಾಯಿ ತಾಗೀತು ಎಂಬ ಭಯ ಅವಳಿಗೂ ಇತ್ತು.

ಸೋಮವಾರ ಇಮ್ಲಾಕ್ ತಾನೇ ಬಂದ. ಕೆಲಸದವರನ್ನು ಬೈದುಕೊಳ್ಳುತ್ತ, ಕ್ಷಮೆ ಕೇಳುತ್ತ, ಕಲ್ಲನ್ನು ಮೇಲ್ಸಾಲಿನಿಂದ ಕೀಳಿಸಿ ಕೆಳಸಾಲಿಗೆ ತರಿಸಿದ. ಕಲ್ಲು ಇಳಿಯುವಾಗ ಬಾಬಿಯೂ ಒಂದು ಕೈ ಕೊಟ್ಟಳು. ಕಲ್ಲು ಹೊಸ ಜಾಗದಲ್ಲಿ ನೆಟ್ಟಗೆ ನಿಂತ ಮೇಲೆ ಜಾರ್ಜೀನಾ ಕಲ್ಲುಕುಟಿಗನ ಮುಂದೆ ಬಂದಳು.

"ಮಿಸ್ಟರ್ ಇಮ್ಲಾಕ್, ಹೆಸರಿನ ಪಕ್ಕದಲ್ಲಿ ಒಂದು ಪದ ಸೇರಿಸಬೇಕು."

ಪದ ಕೇಳಿ ಇಮ್ಲಾಕ್ ಟೋಪಿ ಹಿಂದಕ್ಕೆ ಸರಿಸಿದ. "ಅದೊಂದೇ ಪದವಾ ಮಿಸ್ ಲೋವಿ? ಅದರ ಮುಂದೆ ಏನಾದರೂ ಬರಬೇಕಲ್ಲ? ಗೈ ಒಳ್ಳೆಯ, ಗೈ ಪ್ರಾಮಾಣಿಕ, ಹಿಂಗೆ?"

"ಏನೂ ಬೇಡ. ಅದು ಅವನ ಹೆಸರು."

"ಜಾಗ ಕಡಿಮೆ. ಸಣ್ಣ ಅಕ್ಷರದಲ್ಲಿ ಮಾಡ್ತೀನಿ."

"ಸಣ್ಣದು ಬೇಡ. ಹೆಸರಿನಷ್ಟೇ ಇರಲಿ." ಆಮೇಲೆ ಅವಳು ಕೆಳಗಿನ ಸಾಲುಗಳನ್ನು, ತಾನೇ ಬರೆಸಿದ ಅತ್ಯಂತಗಳನ್ನು, ಒಮ್ಮೆ ಓದಿಕೊಂಡು ಎಪ್ಪಿಯ ಕಡೆ ತಿರುಗಿದಳು. "ಇವನ್ನು ಅಳಿಸಲು ಆಗುವುದಿಲ್ಲ, ಅಲ್ಲವೇ?"

"ಯಾಕ್ ಅಳಿಸ್ಬೇಕು? ತಂಗಿ ಆಸೆ ಪಟ್ಟು ಬರ್ಸಿದ್ದು," ಎಂದಳು ಎಪ್ಪಿ. "ಅವನಿಗೆ ನಾಚ್ಕೆ ಆಯ್ತದೆ, ಆಗ್ಲಿ. ಬದುಕಿದ್ದಾಗ ನಾನು ಒಂದಿನಾನೂ ಒಗಳಿ ನಾಚ್ಕೆ ಪಡ್ಸಿಲ್ಲ."

ಉಳಿ ಕೆಲಸ ಶುರುವಾಗುವ ಹೊತ್ತಿಗೆ ಕಡಲಿನಿಂದ ತುಂತುರು ಬಂತು. ಜಾರ್ಜೀನಾ ಛತ್ರಿ ಬಿಚ್ಚಿ ಕಲ್ಲುಕುಟಿಗನ ತಲೆಯ ಮೇಲೆ ಹಿಡಿದಳು. ತನ್ನ ಹೆಗಲು ನೆನೆಯಿತು. ನೆಗಡಿ ಇನ್ನೂ ಬಿಟ್ಟಿರಲಿಲ್ಲ. ನೀವು ಮನೆಗೆ ಹೋಗಿ ಎಂದು ಇಮ್ಲಾಕ್ ಹೇಳಿದರೂ ಕದಲಲಿಲ್ಲ. ಒಂದೊಂದು ಗೆರೆ ಆಳವಾದಂತೆಲ್ಲ ಬಾಗಿ ನೋಡುತ್ತಿದ್ದಳು. ಉಪ್ಪುಗಾಳಿ ಎಲ್ಲವನ್ನೂ ತಿಂದುಹಾಕುತ್ತದೆ, ಇನ್ನೂ ಒಂದಿಷ್ಟು ಆಳಕ್ಕೆ ಹೋಗಲಿ ಎಂದು ಎಪ್ಪಿ ಹೇಳಿದಾಗ, "ಹೌದು, ಆಳಕ್ಕೆ ಹೋಗಲಿ" ಎಂದು ಅವಳೂ ದನಿಗೂಡಿಸಿದಳು.

ಕೆತ್ತನೆ ಮುಗಿದ ಮೇಲೆ ಎಪ್ಪಿ ಬಗ್ಗಿ, ಅಕ್ಷರದೊಳಗಿನ ಕಲ್ಲುಪುಡಿಯನ್ನು ಹಿಟ್ಟು ಊದಿದಂತೆ ಊದಿದಳು. ಹೆಬ್ಬೆರಳಿನಿಂದ ಒಂದು ಸಲ ಒರೆಸಿದಳು. ಬೆರಳಿನ ಚರ್ಮ ಉಪ್ಪಿಗೆ, ಚಾಕುವಿಗೆ ಸಿಕ್ಕಿ ದಪ್ಪವಾಗಿತ್ತು, ಆದರೂ ಅಂಚು ಹರಿತವಾಗಿ ತಾಗಿತು. ಕೆಳಗೆ ಬಂದರದಲ್ಲಿ ದೋಣಿಗಳು ಸೇರುವ ಸದ್ದು ಕೇಳಿ ಅವಳು ಬುಟ್ಟಿ ಎತ್ತಿಕೊಂಡಳು. ಹ್ಯಾಡಕ್ ಕಾಯುವುದಿಲ್ಲ.

ಗೇಟಿನ ಬಳಿ ಬಾಬಿ ಬಕೀಟಿನಲ್ಲಿ ನೀರು, ಕೈಯಲ್ಲಿ ಬ್ರಷ್ಷು ಹಿಡಿದು ಬರುತ್ತಿದ್ದಳು, ಕಲ್ಲು ತೊಳೆಯಲಿಕ್ಕೆ.

"ಎಂಗ್ ಕಾಣ್ತದೆ ಎಪ್ಪಿ?"

"ಓಗಿ ನೋಡು," ಎಂದಳು ಎಪ್ಪಿ ಇಳಿಜಾರಿಗೆ ಕಾಲಿಡುತ್ತ. "ಈಗ ಅಲ್ ಮಲಗಿರೋನು ಅವನೇಯ."